ಆಯಿಗೆ ಮೂರನೇ ಸಲ ಉರಿಮೂತ್ರ, ಈ ಸಲ ಚಳಿಜ್ವರವೂ ಇದೆ. ತಿಳಿದವರು ಹೇಳಿ

ಕೇಳಿದವರು, ಶಿರಸಿ ಹತ್ತಿರದ ಹಳ್ಳಿ:
ಆಯಿಗೆ (ಅಮ್ಮನಿಗೆ) 58 ವರ್ಷ, ಸಕ್ಕರೆ ಕಾಯಿಲೆ ಇದೆ. ಆರು ತಿಂಗಳಲ್ಲಿ ಇದು ಮೂರನೇ ಸಲ. ಹಿಂದಿನ ಎರಡೂ ಸಲ ಮೆಡಿಕಲ್ ಶಾಪಿನಿಂದ ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ತಂದು ಮೂರು ದಿನ ಕೊಟ್ಟಿದ್ದೆವು, ಉರಿ ಇಳಿದಿತ್ತು. ಈಗ ನಿನ್ನೆ ರಾತ್ರಿಯಿಂದ ಗಡಗಡ ನಡುಗುವ ಚಳಿ, 102 ಡಿಗ್ರಿ ಜ್ವರ, ಬಲಗಡೆ ಬೆನ್ನಿನ ಪಕ್ಕೆಯಲ್ಲಿ ನೋವು. ಎರಡು ಸಲ ವಾಂತಿಯಾಗಿದೆ. ಉಷ್ಣ ಇರಬೇಕು ಅಂತ ಬಾರ್ಲಿ ನೀರು, ಎಳನೀರು ಕೊಡ್ತಾ ಇದ್ದೇವೆ. ಅದೇ ಮಾತ್ರೆ ಮತ್ತೆ ಶುರು ಮಾಡಲೇ?

ನರ್ಸ್, ಕಾರವಾರ:
ಬೇಡ ತಂಗಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಳೆಗೆ ಇಡಬೇಡಿ. ಬರೀ ಉರಿ, ಪದೇಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಇದ್ದರೆ ಸೋಂಕು ಮೂತ್ರಚೀಲದಲ್ಲಿದೆ ಎಂದು ಲೆಕ್ಕ. ಚಳಿಜ್ವರ, ಪಕ್ಕೆನೋವು, ವಾಂತಿ ಸೇರಿದರೆ ಅದು ಕಿಡ್ನಿಗೆ ಏರಿದೆ ಎಂದೇ ತಿಳಿಯಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇದು ಬೇಗ ಬಿಗಡಾಯಿಸುತ್ತದೆ. ಕಿಡ್ನಿಯೊಳಗೆ ಕೀವು ಕಟ್ಟುವುದು, ಕೆಲವೊಮ್ಮೆ ಗಾಳಿಯೇ ತುಂಬುವುದು ಅವರಲ್ಲೇ ಹೆಚ್ಚು.

ಹೊರಡುವ ಮೊದಲು ಸಕ್ಕರೆ ನೋಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ 650 ಕೊಡಬಹುದು. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡವೇ ಬೇಡ, ವಾಂತಿಯಿಂದ ಒಣಗಿದ ದೇಹದಲ್ಲಿ ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಸಕ್ಕರೆ ಮಾತ್ರೆಗಳ ಚೀಟಿ ಒಯ್ಯಿರಿ. ಅದರಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಥವಾ ಮೆಟ್‌ಫಾರ್ಮಿನ್ ಇದ್ದರೆ ಮೊದಲೇ ಹೇಳಿ. ಊಟ ಸೇರದೆ ವಾಂತಿಯಾಗುವಾಗ ಅವನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಗದ್ದೆಯ ನೀರಿಗೆ ಇಳಿದಿದ್ದರೆ ಅದನ್ನೂ ಹೇಳಿ. ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಚಳಿಜ್ವರ ಎಂದಾಗ ಇಲಿಜ್ವರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೀನಖಂಡ ಹಿಡಿದುಕೊಂಡರೆ, ಕಣ್ಣು ಕೆಂಪಾಗಿದ್ದರೆ ಅದರ ಅನುಮಾನ ಜಾಸ್ತಿ.

ಎಳನೀರಿನ ವಿಷಯ: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಸೋತಿದ್ದರೆ ಅದು ಹೊರಹೋಗದೆ ತೊಂದರೆ ಕೊಡುತ್ತದೆ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ವರದಿ ಬರುವವರೆಗೆ ಬರೀ ನೀರು ಸಾಕು.

ಲ್ಯಾಬ್ ಟೆಕ್ನೀಷಿಯನ್, ಕುಮಟಾ:
ಮೂತ್ರದ ಕಲ್ಚರ್‌ಗೆ (ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಸ್ಯಾಂಪಲ್ ಕೊಟ್ಟ ಮೇಲೇ ಮೊದಲ ಆಂಟಿಬಯಾಟಿಕ್ ಹೋಗಬೇಕು. ಒಂದೇ ಮಾತ್ರೆ ನುಂಗಿ ಬಂದರೂ ತಟ್ಟೆಯಲ್ಲಿ ಏನೂ ಬೆಳೆಯದೆ ಇರಬಹುದು, ರೋಗ ಮಾತ್ರ ಹಾಗೇ ಇರುತ್ತದೆ. ಹಾಗಂತ ಸ್ಯಾಂಪಲ್‌ಗಾಗಿ ತಾಸುಗಟ್ಟಲೆ ಕಾದು ಇಂಜೆಕ್ಷನ್ ತಡ ಮಾಡುವುದೂ ತಪ್ಪು.

ಅರ್ಧಕ್ಕರ್ಧ ಗೊಂದಲ ಸ್ಯಾಂಪಲ್ ಹಿಡಿಯುವಲ್ಲೇ ಆಗುತ್ತದೆ. ಉಪ್ಪಿನಕಾಯಿ ಬಾಟಲಿ ತೊಳೆದು ತರುವವರು ಈಗಲೂ ಇದ್ದಾರೆ! ಲ್ಯಾಬಿನವರು ಕೊಡುವ ಸ್ಟೆರೈಲ್ ಡಬ್ಬಿಯೇ ಬೇಕು, ಒಳಗೆ ಬೆರಳು ತಾಗಬಾರದು. ಕೈ ತೊಳೆದು, ಜಾಗವನ್ನು ಮುಂದಿನಿಂದ ಹಿಂದಕ್ಕೆ ಬರೀ ನೀರಿನಲ್ಲಿ ತೊಳೆದು ಒರೆಸಿ. ಡೆಟ್ಟಾಲ್ ಹಾಕಬೇಡಿ, ಅದು ಡಬ್ಬಿಗೆ ಇಳಿದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮೊದಲ ಧಾರೆ ಬಿಟ್ಟು, ನಡುವಿನದ್ದನ್ನು ಹಿಡಿದು, ಉಳಿದದ್ದನ್ನು ಬಿಡಿ. 15–20 ಎಂ.ಎಲ್. ಸಾಕು. ಎರಡು ತಾಸಿನೊಳಗೆ ಲ್ಯಾಬಿಗೆ ಮುಟ್ಟಬೇಕು. ನಮ್ಮ ಕರಾವಳಿಯ ಸೆಖೆಯಲ್ಲಿ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಮರಿ ಹಾಕುತ್ತವೆ, ಹತ್ತು ಸಾವಿರ ಇದ್ದದ್ದು ಲಕ್ಷವಾಗುತ್ತದೆ. ಘಟ್ಟದ ದಾರಿ ದೂರವಾದರೆ ಐಸ್ ಇಟ್ಟ ಚೀಲದಲ್ಲಿ ತನ್ನಿ. ಫ್ರಿಜ್ಜಿನಲ್ಲಿ 24 ತಾಸು ತಡೆಯುತ್ತದೆ, ಫ್ರೀಜರ್‌ನಲ್ಲಿ ಮಾತ್ರ ಬೇಡ.

ವರದಿಯಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ, ಎಂ.ಎಲ್.ಗೆ ಒಂದು ಲಕ್ಷಕ್ಕಿಂತ ಹೆಚ್ಚು ಎಂದಿದ್ದರೆ ಅರ್ಥವಿದೆ. ಮೂರ್ನಾಲ್ಕು ಜಾತಿ ಒಟ್ಟಿಗೆ, ಎಪಿಥೀಲಿಯಲ್ ಸೆಲ್ಸ್ (ಚರ್ಮದ ಮೇಲ್ಪದರದ ಕೋಶಗಳು) ತುಂಬಾ ಎಂದಿದ್ದರೆ ಚರ್ಮದ ಕೊಳೆ ಸೇರಿದೆ, ಮತ್ತೆ ಹಿಡಿಯಬೇಕು.

ಫಾರ್ಮಸಿಸ್ಟ್, ಹೊನ್ನಾವರ:
ಮೂರು ದಿನದ ಸಿಪ್ರೋ ಬಗ್ಗೆ ಒಂದು ಮಾತು. ಅದು ಕೌಂಟರಿನಲ್ಲಿ ಕೇಳಿ ಒಯ್ಯುವ ಮಾತ್ರೆಯಲ್ಲ. ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೊಲೈ ನಮ್ಮ ದೇಶದಲ್ಲಿ ಅದಕ್ಕೆ ಬಹುಮಟ್ಟಿಗೆ ಬಗ್ಗದಂತಾಗಿದೆ. ಬಗ್ಗುವಂಥದ್ದಾದರೂ ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್ ಜೊತೆ ನುಂಗಿದರೆ ರಕ್ತಕ್ಕೆ ಸೇರುವುದು ಕಡಿಮೆ.

ಕೇಳಿದವರು, ಎರಡು ದಿನದ ನಂತರ:
ಅಡ್ಮಿಟ್ ಮಾಡಿದ್ದಾರೆ, ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಹಾಕುತ್ತಿದ್ದರು. ಜ್ವರ 101ಕ್ಕೆ ಇಳಿದಿದೆ, ಪೂರ್ತಿ ಬಿಟ್ಟಿಲ್ಲ. ಕಲ್ಚರ್‌ನಲ್ಲಿ ಇ. ಕೊಲೈ, ಇಎಸ್‌ಬಿಎಲ್ ಪಾಸಿಟಿವ್. ನೈಟ್ರೋಫ್ಯುರಾಂಟೋಯಿನ್ ಎದುರು ‘ಎಸ್’ ಅಂತ ಇದೆ. ಅದು ಮಾತ್ರೆಯಲ್ಲವಾ, ಮನೆಗೆ ಕರೆದುಕೊಂಡು ಬರಬಹುದಾ?

ವೈದ್ಯರು, ಅಂಕೋಲಾ:
ಎಲ್ಲರೂ ಜಾರುವ ಜಾಗ ಇದು. ‘ಎಸ್’ ಎಂದರೆ ಲ್ಯಾಬಿನ ತಟ್ಟೆಯಲ್ಲಿ ಆ ಔಷಧಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದಷ್ಟೇ. ನೈಟ್ರೋಫ್ಯುರಾಂಟೋಯಿನ್ ಮೂತ್ರದಲ್ಲಿ ದಟ್ಟವಾಗಿ ಸೇರುತ್ತದೆ, ಕಿಡ್ನಿಯ ಮಾಂಸದಲ್ಲಿ ಸಾಕಷ್ಟು ನಿಲ್ಲುವುದಿಲ್ಲ. ಮೂತ್ರಚೀಲದ ಸೋಂಕಿಗೆ 100 ಮಿ.ಗ್ರಾಂ ದಿನಕ್ಕೆರಡು ಸಲ, ಊಟದ ಜೊತೆ, ಐದು ದಿನ: ಒಳ್ಳೆಯ ಔಷಧ. ಜ್ವರವಿರುವ ಕಿಡ್ನಿ ಸೋಂಕಿಗೆ ಅಲ್ಲ. 3 ಗ್ರಾಂ ಫಾಸ್ಫೋಮೈಸಿನ್ ಪುಡಿಯ ಒಂದೇ ಡೋಸ್‌ಗೂ ಇದೇ ಮಾತು.

ಇಎಸ್‌ಬಿಎಲ್ ಎಂದರೆ ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆದುಹಾಕುವ ಕಿಣ್ವ ಆ ಬ್ಯಾಕ್ಟೀರಿಯಾದಲ್ಲಿದೆ ಎಂದರ್ಥ. ಇಂಜೆಕ್ಷನ್ ಬದಲಿಸುತ್ತೀರಾ ಎಂದು ಇವತ್ತೇ ಕೇಳಿ. ಸಾಮಾನ್ಯವಾಗಿ ಕಾರ್ಬಾಪೆನೆಮ್ ಗುಂಪಿನದ್ದು ಕೊಡುತ್ತಾರೆ. ಅದರಲ್ಲಿ ಎರ್ಟಾಪೆನೆಮ್ ದಿನಕ್ಕೊಂದೇ ಸಲ, ಹಾಗಾಗಿ ಜ್ವರ ಬಿಟ್ಟ ಮೇಲೆ ಹತ್ತಿರದ ಆಸ್ಪತ್ರೆಯಲ್ಲೇ ದಿನಾ ಹಾಕಿಸಿಕೊಳ್ಳಬಹುದು. ಅಮಿಕಾಸಿನ್ ಎಂಬ ಬೇರೆ ಇಂಜೆಕ್ಷನ್ ಆದರೆ ಅದು ಕಿಡ್ನಿಗೆ ಪೆಟ್ಟು ಕೊಡಬಹುದು, ಕ್ರಿಯಾಟಿನಿನ್ ನೋಡುತ್ತಲೇ ಇರಬೇಕು. ವರದಿಯಲ್ಲಿ ಕೋ-ಟ್ರೈಮಾಕ್ಸಜೋಲ್ ಎದುರು ‘ಎಸ್’ ಇದ್ದರೆ ಮುಂದೆ ಮಾತ್ರೆಗೆ ಇಳಿಸಲು ಅದೊಂದು ದಾರಿ.

ಅಲ್ಟ್ರಾಸೌಂಡ್ ಆಗಿದೆಯೇ? ಸರಿಯಾದ ಔಷಧ ಶುರುವಾಗಿ 72 ತಾಸಿನೊಳಗೆ ಜ್ವರ ಬಿಡದಿದ್ದರೆ ಕೀವು ಅಥವಾ ಕಲ್ಲಿನ ಅಡ್ಡಿ ಹುಡುಕಬೇಕು. ಕಲ್ಲು ಸಿಕ್ಕಿಕೊಂಡು ಅದರ ಹಿಂದೆ ಸೋಂಕಿನ ಮೂತ್ರ ಕಟ್ಟಿದ್ದರೆ ಯಾವ ಇಂಜೆಕ್ಷನ್ನೂ ಕೆಲಸ ಮಾಡದು, ಸ್ಟೆಂಟ್ (ಮೂತ್ರನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿ ದಾರಿ ಬಿಡಿಸಬೇಕು. ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯೋ ಮಣಿಪಾಲವೋ ಎಂದು ಯೋಚಿಸುತ್ತ ಕೂರಬಾರದು. ಬಾಳೆದಿಂಡಿನ ರಸದ ಪ್ರಯೋಗಕ್ಕೂ ಅದು ಕಾಲವಲ್ಲ.

ಕೇಳಿದವರು:
ಇಂಜೆಕ್ಷನ್ ಬದಲಿಸಿದರು, ಸ್ಕ್ಯಾನ್‌ನಲ್ಲಿ ಕಲ್ಲಿಲ್ಲ. ಮತ್ತೆ ಬರದ ಹಾಗೆ ಏನು ಮಾಡಬೇಕು?

ವೈದ್ಯರು, ಅಂಕೋಲಾ:
ಆರು ತಿಂಗಳಲ್ಲಿ ಎರಡು ಸಲ ಬಂದರೇ ಅದನ್ನು ಮರುಕಳಿಸುವ ಸೋಂಕು ಎನ್ನುತ್ತೇವೆ. ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ಅಳೆಸಿ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಚೀಲದ ನರ ಮಂದವಾಗಿ ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಮುಟ್ಟು ನಿಂತವರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಸಂಕೋಚಪಟ್ಟು ಯಾರೂ ಕೇಳುವುದಿಲ್ಲ, ನೀವು ಕೇಳಿ.

ನರ್ಸ್, ಕಾರವಾರ:
ಅಡಿಕೆ ಸುಲಿಯಲು ಕೂತರೆ ನಾಲ್ಕೈದು ತಾಸು ಏಳದವರು, ಪೇಟೆಯಲ್ಲಿ ಮೀನು ಮಾರುತ್ತ ಶೌಚಾಲಯವಿಲ್ಲವೆಂದು ನೀರೇ ಕುಡಿಯದವರು, ಇವರಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಮೂರು ತಾಸಿಗೊಮ್ಮೆ ಎಬ್ಬಿಸಿ ಕಳಿಸಿ. ಕ್ರಿಯಾಟಿನಿನ್ ಸರಿಯಿದ್ದರೆ ದಿನಕ್ಕೆ ಎರಡು ಲೀಟರ್ ನೀರು. ಸಕ್ಕರೆ ಹಾಕದ ಮುರುಗಲ (ಕೋಕಂ) ನೀರೂ ಆಗುತ್ತದೆ.

ಲ್ಯಾಬ್ ಟೆಕ್ನೀಷಿಯನ್, ಕುಮಟಾ:
ಕೋರ್ಸ್ ಮುಗಿದ ಮೇಲೆ ಆರಾಮಿದ್ದರೆ ಸುಮ್ಮನೆ ಮತ್ತೆ ಕಲ್ಚರ್ ಮಾಡಿಸಬೇಡಿ. ತೊಂದರೆಯಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಔಷಧ ಬೇಕಿಲ್ಲ. ಬಸುರಿಯರ ಲೆಕ್ಕ ಬೇರೆ, ಅವರಿಗೆ ಕೊಡಲೇಬೇಕು.

ಫಾರ್ಮಸಿಸ್ಟ್, ಹೊನ್ನಾವರ:
ಮುಂದೆ ಬರೀ ಉರಿ ಬಂದು ನೈಟ್ರೋಫ್ಯುರಾಂಟೋಯಿನ್ ಬರೆದುಕೊಟ್ಟರೆ, ಜೊತೆಗೆ ಮನೆಯಲ್ಲಿ ಉಳಿದ ಉರಿಶಮನದ ಸಿಟ್ರೇಟ್ ಸಿರಪ್ ಕೊಡಬೇಡಿ. ಮೂತ್ರ ಕ್ಷಾರವಾದರೆ ಆ ಮಾತ್ರೆಯ ಬಲ ಕುಗ್ಗುತ್ತದೆ. ಮಾತ್ರೆಯಿಂದ ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಿ ನಡುವೆ ನಿಲ್ಲಿಸಬೇಡಿ.