ಒಂದೆಲಗ ದಿನಾ ತಿನ್ನಬಹುದಾ? ಬಳಸಿದವರು ಹೇಳಿ

ಹೊಸಚಿಗುರು: ಮರಗಳ ನೆರಳಲ್ಲಿ, ನೀರು ಒಸರುವ ಜಾಗದಲ್ಲಿ ಒಂದೆಲಗ ಸಿಕ್ಕಾಪಟ್ಟೆ ಹಬ್ಬಿದೆ. ಅಡುಗೆಗೆ ಹೇಗೆ ಬಳಸುತ್ತೀರಿ? ನೆನಪಿನ ಶಕ್ತಿ ಹೆಚ್ಚುತ್ತೆ, ಮಗನಿಗೆ ದಿನಾ ಬೆಳಿಗ್ಗೆ ರಸ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಕೊಡಬಹುದಾ?

ಮಣ್ಣುಹುಳು: ಮೊದಲು ಅದು ಒಂದೆಲಗವೇ ಅಂತ ನೋಡಿಕೊಳ್ಳಿ. ಎಲೆ ದುಂಡಗೆ, ಅಂಚಿನಲ್ಲಿ ಮೊಂಡು ಹಲ್ಲು, ಬುಡದಲ್ಲಿ ಒಂದು ಸೀಳು ಇರುತ್ತೆ, ತೊಟ್ಟು ಆ ಸೀಳಿಗೇ ಬಂದು ಸೇರಬೇಕು. ಕೊಡೆಯ ಹಿಡಿಯ ಹಾಗೆ ಎಲೆಯ ನಡುಮಧ್ಯಕ್ಕೆ ಸೇರಿದ್ದರೆ ಅದು ಬೇರೆ ಗಿಡ. ಬಳ್ಳಿ ನೆಲಕ್ಕಂಟಿಕೊಂಡು ಹರಿಯುತ್ತೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತೆ. ಇನ್ನೊಂದು ಗೊಂದಲ ಏನಂದರೆ, ಕೆಲವರು ಇದನ್ನೇ ಬ್ರಾಹ್ಮಿ ಅನ್ನುತ್ತಾರೆ, ಕೆಲವರು ನೀರು ಬ್ರಾಹ್ಮಿಗೆ ಹಾಗನ್ನುತ್ತಾರೆ. ನೀರು ಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ದಂಟಿನ ಎರಡೂ ಕಡೆ ಜೋಡಿಯಾಗಿ ಬರುತ್ತೆ. ಪುಡಿ, ಮಾತ್ರೆ ಕೊಳ್ಳುವವರು ಹೆಸರು ಓದಿ: ಒಂದೆಲಗ ಅಂದರೆ ಸೆಂಟೆಲ್ಲಾ ಏಷಿಯಾಟಿಕಾ, ನೀರು ಬ್ರಾಹ್ಮಿ ಅಂದರೆ ಬಕೋಪಾ.

ಒಗ್ಗರಣೆ: ನಾನು ಅಡುಗೆ ಬಗ್ಗೆ ಮಾತ್ರ ಹೇಳುತ್ತೇನೆ. ತಂಬುಳಿಗೆ ಇದನ್ನು ಮೀರಿಸಿದ ಸೊಪ್ಪಿಲ್ಲ. ಜೀರಿಗೆ, ನಾಲ್ಕು ಕಾಳು ಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪನ್ನು ಹಸಿಯಾಗೇ ಅಥವಾ ಅದೇ ಬಾಣಲೆಯಲ್ಲಿ ಸ್ವಲ್ಪ ಬಾಡಿಸಿ, ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಕುದಿಸಬೇಡಿ, ಒಡೆದು ಹೋಗುತ್ತೆ. ಎಳೆ ದಂಟನ್ನೂ ಹಾಕಬಹುದು, ಎಸೆಯಬೇಡಿ. ಕಹಿ ಅನಿಸಿದರೆ ತೆಂಗಿನಕಾಯಿ ಜಾಸ್ತಿ ಹಾಕಿ, ಅಥವಾ ಹುಣಸೆಹುಳಿ ಸೇರಿಸಿ ಚಟ್ನಿ ಮಾಡಿ. ಶ್ರೀಲಂಕಾದವರು ಇದನ್ನು ಗೊಟುಕೊಲ ಅನ್ನುತ್ತಾರೆ. ಎಲೆಯನ್ನು ಸಣ್ಣಗೆ ಹೆಚ್ಚಿ ಈರುಳ್ಳಿ, ತೆಂಗಿನತುರಿ, ನಿಂಬೆರಸ ಹಾಕಿ ಕೋಸಂಬರಿ ಥರ ತಿನ್ನುತ್ತಾರೆ, ಅದಂತೂ ರುಬ್ಬುವ ಕೆಲಸವೇ ಇಲ್ಲ. ವಿಯೆಟ್ನಾಮಿನಲ್ಲಿ ಸಕ್ಕರೆ ಹಾಕಿ ಪಾನಕದ ಹಾಗೆ ಕುಡಿಯುತ್ತಾರೆ. ನನಗೆ ಅದು ಸೇರಲಿಲ್ಲ.

ಮಣ್ಣುಹುಳು: ಒಗ್ಗರಣೆಯವರೇ, ಹಸಿಯಾಗಿ ಅಂದಿರಲ್ಲ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದು ತೇವದ ನೆಲದಲ್ಲಿ ಬೆಳೆಯುವುದು, ಮಣ್ಣಲ್ಲಿ ಸೀಸದಂಥ ಲೋಹ ಇದ್ದರೆ ಅದನ್ನೂ ಹೀರಿಕೊಳ್ಳುತ್ತೆ. ಚರಂಡಿ ಪಕ್ಕ, ರಸ್ತೆ ಬದಿ, ಔಷಧಿ ಹೊಡೆದ ಗದ್ದೆಯಿಂದ ನೀರು ಹರಿದು ಬರುವ ಕಡೆ ಎಷ್ಟೇ ಸೊಂಪಾಗಿದ್ದರೂ ಕೀಳಬೇಡಿ. ತೊಳೆದರೆ ಕೆಸರು ಹೋಗುತ್ತೆ, ಲೋಹ ಹೋಗಲ್ಲ. ಬೇರಿರುವ ಒಂದು ತುಂಡು ಬಳ್ಳಿ ತಂದು ಕುಂಡದಲ್ಲಿ ನೆಟ್ಟು, ಅರೆ ನೆರಳಲ್ಲಿಟ್ಟು, ಮಣ್ಣು ಒಣಗದ ಹಾಗೆ ನೋಡಿಕೊಂಡರೆ ಆಯಿತು.

ಕಷಾಯ: ಈಗ ನೆನಪಿನ ಶಕ್ತಿ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಜನರ ಮೇಲೆ ಮಾಡಿದ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನೆನಪು ಹೆಚ್ಚಾಗಿದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಪರೀಕ್ಷೆ ಹತ್ತಿರ ಬಂತು ಅಂತ ಮಗುವಿಗೆ ಮೂಗು ಹಿಡಿದು ಕಹಿ ರಸ ಕುಡಿಸುವುದು ಸುಮ್ನೆ ಹಿಂಸೆ, ಅಲ್ವಾ? ಇದರ ನಿಜವಾದ ಬಲ ಚರ್ಮದ ವಿಷಯದಲ್ಲಿದೆ. ಎಲೆಯಲ್ಲಿರುವ ಏಷಿಯಾಟಿಕೋಸೈಡ್, ಮಡೆಕ್ಯಾಸೋಸೈಡ್ ಅನ್ನುವ ವಸ್ತುಗಳು ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಅನ್ನುವ ಪ್ರೋಟೀನ್ ಕಟ್ಟಿಕೊಳ್ಳಲು ನೆರವಾಗುತ್ತವೆ, ಗಾಯದ ಮುಲಾಮುಗಳಲ್ಲಿ, ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಇದರ ಸಾರ ಇರುವುದು ಅದಕ್ಕೇ. ಹಾಗಂತ ಕಿತ್ತ ಎಲೆಯನ್ನು ಅರೆದು ತೆರೆದ ಗಾಯಕ್ಕೆ ಮೆತ್ತಬೇಡಿ, ಎಲೆ ಜೊತೆ ಕೆಸರೂ ಒಳಗೆ ಹೋಗುತ್ತೆ. ಕೆಲವರಿಗೆ ಹಚ್ಚಿದರೆ ತುರಿಕೆಯೂ ಬರುತ್ತೆ.

ಹೊಸಚಿಗುರು: ಹಾಗಾದರೆ ದಿನಾ ರಸ ಬೇಡವೇ? ಗಿಡಮೂಲಿಕೆ ತಾನೆ, ಏನಾಗುತ್ತೆ ಅಂದುಕೊಂಡಿದ್ದೆ.

ಕಷಾಯ: ಸೊಪ್ಪಾಗಿ ವಾರಕ್ಕೊಂದೆರಡು ಸಲ ಊಟದಲ್ಲಿ ತಿನ್ನುವುದು ಬೇರೆ, ಗಟ್ಟಿ ರಸವನ್ನೋ ಮಾತ್ರೆಯನ್ನೋ ತಿಂಗಳುಗಟ್ಟಲೆ ತೆಗೆದುಕೊಳ್ಳುವುದು ಬೇರೆ. ಇದರ ಮಾತ್ರೆಗಳನ್ನು ಕೆಲವು ವಾರ ನುಂಗಿದ ಮೂವರಿಗೆ ಕಾಮಾಲೆ ಬಂದಿತ್ತು, ನಿಲ್ಲಿಸಿದ ಮೇಲೆ ಇಳಿಯಿತು ಅಂತ 2005ರಲ್ಲಿ ವೈದ್ಯಕೀಯ ವರದಿ ಬಂದಿದೆ. ಇಂಥದ್ದು ಅಪರೂಪ, ನಿಜ. ಆದರೂ ಲಿವರ್ ತೊಂದರೆ ಇರುವವರು, ಗರ್ಭಿಣಿಯರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಔಷಧಿಯ ಪ್ರಮಾಣದಲ್ಲಿ ಬಳಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಮಗನಿಗೆ ತಂಬುಳಿ ಸಾಕು.

ಹೊಸಚಿಗುರು: ಸರಿ, ತಂಬುಳಿ ಮಾಡಿ ನೋಡುತ್ತೇನೆ. ಹೂ ಬಿಟ್ಟ ಮೇಲೂ ತಿನ್ನಬಹುದಾ?

ಒಗ್ಗರಣೆ: ಧಾರಾಳವಾಗಿ. ಬಲಿತ ಎಲೆ ಸ್ವಲ್ಪ ನಾರು, ಕಹಿ ಜಾಸ್ತಿ, ಅಷ್ಟೇ. ಎಳೆದು ಕೀಳಬೇಡಿ, ಬೇರು ಸಮೇತ ಬಂದುಬಿಡುತ್ತೆ. ಕತ್ತರಿಯಲ್ಲಿ ತೊಟ್ಟು ಕತ್ತರಿಸಿಕೊಂಡರೆ ಮತ್ತೆ ಚಿಗುರುತ್ತೆ.