ಶರೀಫರ ತತ್ವಪದಗಳಿಗೆ ಯಾವ ನಂಬರ್ ಹಾಕಲಿ?

ಪ್ರಶ್ನೆ: ಗ್ರಂಥಾಲಯ ಮೇಲ್ವಿಚಾರಕಿ, ಶಿಗ್ಗಾಂವಿ ತಾಲ್ಲೂಕು

ನಮ್ಮ ಪಂಚಾಯ್ತಿ ಗ್ರಂಥಾಲಯದ ಪುಸ್ತಕಗಳಿಗೆ ಡ್ಯೂಯಿ ಪದ್ಧತಿಯಲ್ಲಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಕ್ರಮದಲ್ಲಿ, ನಂಬರ್ ಹಾಕುತ್ತಿದ್ದೇನೆ. ಕೃಷಿ, ಗಣಿತ ಬೇಗ ಮುಗಿದವು. ಶಿಶುನಾಳ ಶರೀಫರ ತತ್ವಪದಗಳ ಸಂಗ್ರಹ ಕೈಗೆ ಬಂದಾಗ ಕೆಲಸ ನಿಂತಿತು. ಕನ್ನಡ ಕವಿತೆ ಅಂದರೆ 894.8141. ಹಿಂದೂ ಧರ್ಮ ಅಂದರೆ 294.5. ಇಸ್ಲಾಂ ಅಂದರೆ 297. ಶರೀಫರು ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ, ಗುರು ಕಳಸದ ಗೋವಿಂದ ಭಟ್ಟರು. ಶಿಶುನಾಳ ನಮ್ಮ ತಾಲ್ಲೂಕಿನದೇ ಊರು. ಇಲ್ಲಿ ಅವರ ಪದ ಹಾಡುವವರು ಯಾವ ಧರ್ಮದ್ದು ಅಂತ ಕೇಳುವುದಿಲ್ಲ. ನಂಬರ್ ಮಾತ್ರ ಕೇಳುತ್ತದೆ. ಪುಸ್ತಕದ ಬೆನ್ನಿಗೆ ಅಂಟುವುದು ಒಂದೇ ಚೀಟಿ. ಹಾಗಾದರೆ ಈ ಪುಸ್ತಕ ಯಾವುದರ ಬಗ್ಗೆ ಅಂತ ತೀರ್ಮಾನಿಸೋದು ಯಾರು? ಹಾಡಿದವರಾ, ಓದುವವರಾ, ನಾನಾ?

ಧಾರವಾಡದಿಂದ, ನಿವೃತ್ತ ಗ್ರಂಥಪಾಲಕ

ಅಕ್ಕಾರೆ, ನಿಯಮ ಸರಳ ಐತ್ರಿ. ಡ್ಯೂಯಿಯಲ್ಲಿ ಸಾಹಿತ್ಯಕ್ಕೆ ಮೊದಲು ಭಾಷೆ, ಆಮೇಲೆ ಪ್ರಕಾರ. ಕವಿತೆ ಏನು ಹೇಳುತ್ತದೆ ಅಂತ ನೋಡುವುದಿಲ್ಲ. 894.8141 ಹಾಕಿ. ನಂಬರ್ ಹೇಳೋದು ಪುಸ್ತಕ ಎಲ್ಲಿ ಕೂತಿದೆ ಅಂತ ಅಷ್ಟೇ. ಕ್ಯಾಟಲಾಗಿನಲ್ಲಿ ವಿಷಯಗಳನ್ನು ಎಷ್ಟು ಬೇಕಾದರೂ ಕೊಡಬಹುದು.

ಪ್ರಶ್ನೆ ಕೇಳಿದವರು

ಸರ್, ನಿಯಮ ಒಪ್ಪಿದೆ. ಆದರೆ ಭಜನಾ ಮಂಡಳಿಯ ಹಿರಿಯರು ಬಂದರೆ ಕವಿತೆಯ ಕಪಾಟಿನ ಹತ್ತಿರ ಹೋಗುವುದೇ ಇಲ್ಲ. ನೇರ ಭಜನೆ ಪುಸ್ತಕಗಳ ಕಡೆ ನಡೆಯುತ್ತಾರೆ. ಅವರಿಗೆ ಅದು ಹಾಡಬೇಕಾದ ಪದ, ರಾತ್ರಿಯಿಡೀ ತಾಳದ ಜೊತೆ ಹಾಡುವಂಥದ್ದು. ಆ ಬಳಕೆಯಲ್ಲೇ ಅದರ ಅರ್ಥ ಇದೆ ಅಂತ ನನಗನ್ನಿಸುತ್ತದೆ. ಪುಸ್ತಕ ಎಲ್ಲಿ ಕೂತಿದೆ ಅನ್ನೋದನ್ನೇ ಓದುಗರು ಪುಸ್ತಕ ಏನು ಅಂತ ತಿಳಿಯುತ್ತಾರೆ, ಅಲ್ವಾ? 1876ರಲ್ಲಿ ಡ್ಯೂಯಿ ಶುರು ಮಾಡಿದ ಈ ಪದ್ಧತಿಯಲ್ಲಿ ಧರ್ಮದ 200ರ ಸಾಲು ನೋಡಿ. 220ರಿಂದ 289ರವರೆಗೆ ಕ್ರೈಸ್ತ ಧರ್ಮವೇ. ಉಳಿದ ಧರ್ಮಗಳೆಲ್ಲ 290ರೊಳಗೆ ಒತ್ತಿಕೊಂಡು ಕೂತಿವೆ. ಅಲ್ಲಿ ಶರೀಫರನ್ನು ಹಂಚುವುದಕ್ಕೆ ನನಗೆ ಮನಸ್ಸಿಲ್ಲ.

ಗದಗದಿಂದ

ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರಿಗೂ ಒಂದು ವಿಷಯಕ್ಕೆ ಒಂದೇ ಖಾನೆ ಸಾಕಾಗಲಿಲ್ಲ. 1933ರ ತಮ್ಮದೇ ಕೋಲನ್ ವರ್ಗೀಕರಣ ಪದ್ಧತಿಯಲ್ಲಿ ವಿಷಯದ ಒಂದೊಂದು ಮುಖವನ್ನೂ ಬೇರೆ ಬೇರೆಯಾಗಿ ಬಿಡಿಸಿ ಮತ್ತೆ ಜೋಡಿಸಿದರು. ಆದರೂ ಕಪಾಟು ಒಂದೇ ಸಾಲು, ಪುಸ್ತಕ ಎರಡು ಕಡೆ ಕೂಡಲಾರದು. 1931ರಲ್ಲೇ ಅವರು ಹೇಳಿದ್ದು: ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಭಜನೆ ಸಾಲಿನಲ್ಲಿ ಪುಸ್ತಕದಷ್ಟೇ ಅಗಲದ ರಟ್ಟೊಂದು ನಿಲ್ಲಿಸಿ, ಇಂಥ ಕಪಾಟಿನಲ್ಲಿದೆ ಅಂತ ಬರೆಯಿರಿ.

ಪ್ರಶ್ನೆ ಕೇಳಿದವರು

ರಟ್ಟು ಇವತ್ತೇ ಕತ್ತರಿಸುತ್ತೇನೆ. ನಂಬರ್ 894.8141 ಇರಲಿ. ರಟ್ಟಿನ ಮೇಲೆ ಮಾತ್ರ ‘ಶರೀಫಜ್ಜನ ಪದ’ ಅಂತಲೇ ಬರೆಯುತ್ತೇನೆ, ಬಂದವರು ಕೇಳೋದು ಹಾಗೇ. ಕ್ಯಾಟಲಾಗಿನಲ್ಲಿ ಸೂಫಿ, ಶೈವ ಎರಡನ್ನೂ ಕೊಡಲಾ ಸರ್?