ಖರ್ಚು ಉಳಿಸೋಕೆ ಶುಗರ್, ಬಿಪಿ ಮಾತ್ರೆ ದಿನ ಬಿಟ್ಟು ದಿನ: ಬೇರೆ ದಾರಿ ಇದೆಯಾ?

ತುಂಗಾತೀರ:
ತಂದೆಗೆ 61 ವರ್ಷ, ಬಿಪಿಎಲ್ ಕಾರ್ಡ್ ಇದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಎಸ್‌ಆರ್ 1000, ಗ್ಲಿಮೆಪಿರೈಡ್ 1, ಬಿಪಿಗೆ ಮೆಟೊಪ್ರೊಲಾಲ್ 50, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ 10. ಎಲ್ಲಾ ಅರ್ಧ ಮುರಿದು, ಅದೂ ದಿನ ಬಿಟ್ಟು ದಿನ ನುಂಗ್ತಿದ್ದಾರೆ. ಆಯುಷ್ಮಾನ್ ಕಾರ್ಡಲ್ಲಿ ಮಾತ್ರೆ ಸಿಗುತ್ತಾ?

ಔಷಧಿಪೆಟ್ಟಿಗೆ:
ಮೊದಲು ಮುರಿಯೋದು ನಿಲ್ಲಿಸಿ. ಎಸ್‌ಆರ್ ಅಂದ್ರೆ ಔಷಧಿಯನ್ನು ನಿಧಾನವಾಗಿ ಬಿಡೋ ಮಾತ್ರೆ. ಮುರಿದರೆ ಒಂದೇ ಸಲಕ್ಕೆ ಇಳಿದು ಹೊಟ್ಟೆ ತೊಳಸಬಹುದು, ಭೇದಿ ಆಗಬಹುದು, ಆಮೇಲೆ ಶುಗರ್ ಮತ್ತೆ ಏರಬಹುದು.

ಇವುಗಳಲ್ಲಿ ನನಗೆ ಹೆಚ್ಚು ಭಯ ಮೆಟೊಪ್ರೊಲಾಲ್‌ದು. ಅದನ್ನು ಥಟ್ಟನೆ ಬಿಟ್ಟರೆ ಎದೆಬಡಿತ, ಬಿಪಿ ಎರಡೂ ಏರುತ್ತವೆ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ತನಕ ಹೋಗಬಹುದು. ಕಡಿಮೆ ಮಾಡಲೇಬೇಕಿದ್ದರೆ ಡಾಕ್ಟರ್ ಹೇಳಿದಂತೆ ಹಂತಹಂತವಾಗಿ. ಇನ್ನು ಮಾತ್ರೆ ಕಡಿಮೆ ಮಾಡಿ, ಊಟ ಬಿಟ್ಟು ಶುಗರ್ ಇಳಿಸ್ತೀನಿ ಅನ್ನೋರಿದ್ದಾರೆ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಶುಗರ್ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪೋದು.

ಸರ್ಕಾರಿ_ಚೀಟಿ:
ಕಾರ್ಡಲ್ಲಿ ತಿಂಗಳ ಮಾತ್ರೆ ಸಿಗಲ್ಲ. ಅದು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ಮಾತ್ರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಇಲ್ಲವೇ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ಗೆ ಹಳೇ ಚೀಟಿ, ಖಾಲಿ ಸ್ಟ್ರಿಪ್, ಆಧಾರ್ ಹಿಡಿದು ಹೋಗಿ. ಶುಗರ್, ಬಿಪಿ ಮಾತ್ರೆ ಉಚಿತ. "ಸ್ಟಾಕ್ ಇಲ್ಲ" ಅನ್ನೋ ಮಾತು ಮಾಮೂಲು, ಹಾಗಾಗಿ ಮುಗಿಯೋಕೆ ಒಂದು ವಾರ ಇರುವಾಗಲೇ ಹೋಗಿ.

ಅಲ್ಲಿ ಸಿಗದ್ದಕ್ಕೆ ಜನೌಷಧಿ, ಅಂದ್ರೆ ಕೇಂದ್ರ ಸರ್ಕಾರದ ಅಗ್ಗದ ಔಷಧಿ ಅಂಗಡಿ. ಬ್ರ್ಯಾಂಡ್ ಹೆಸರು ಹೇಳಿದರೆ ಇಲ್ಲ ಅನ್ನಬಹುದು. ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿರೋ ಔಷಧಿ ಹೆಸರು, ಮಿಲಿಗ್ರಾಂ, ಎಸ್‌ಆರ್ ಹೌದೋ ಅಲ್ಲವೋ ಮೂರನ್ನೂ ತೋರಿಸಿ. ಜನೌಷಧಿ ಸುಗಮ್ ಆ್ಯಪಲ್ಲಿ ಅಂಗಡಿ, ಬೆಲೆ ಎರಡೂ ಕಾಣುತ್ತೆ. ಎರಡು ಔಷಧಿ ಸೇರಿದ ಒಂದೇ ಮಾತ್ರೆ ಬರೆದಿದ್ದರೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ, ಹುಡುಕೋದು ಸುಲಭ.

ತುಂಗಾತೀರ:
ಥ್ಯಾಂಕ್ಸ್. ಮುಂದೆ ಆಂಜಿಯೋಗ್ರಾಂ ಮಾಡಿಸಿ ಅಂದ್ರೆ ಕಾರ್ಡ್ ಉಪಯೋಗಕ್ಕೆ ಬರುತ್ತಾ? ಇನ್ಸುಲಿನ್‌ಗೂ ಹೋಗಬಹುದು ಅಂದಿದ್ದಾರೆ.

ಸರ್ಕಾರಿ_ಚೀಟಿ:
ಆಯುಷ್ಮಾನ್ ಕಾರ್ಡಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿ, ಆಮೇಲೆ ಯೋಜನೆಯಲ್ಲಿರೋ ಆಸ್ಪತ್ರೆಯ ಆರೋಗ್ಯಮಿತ್ರನನ್ನು (ಯೋಜನೆಯ ಸಹಾಯಕ) ನೋಡಿ. ಜನ ಎಡವೋದು ಇಲ್ಲೇ: ನೇರ ಖಾಸಗಿಗೆ ಹೋಗಿ ಅಡ್ವಾನ್ಸ್ ಕಟ್ಟಿ, ಡಿಸ್ಚಾರ್ಜ್ ದಿನ ಕಾರ್ಡ್ ತೆಗೀತಾರೆ. ಇದು ನಗದುರಹಿತ ಯೋಜನೆ, ಕಟ್ಟಿದ ಹಣ ವಾಪಸ್ ಬರುತ್ತೆ ಅಂತ ನಂಬಿ ಕೂರಬೇಡಿ. ತಕರಾರಿದ್ದರೆ ಸಹಾಯವಾಣಿ 104 ಅಥವಾ 14555ಕ್ಕೆ ಫೋನ್ ಮಾಡಿ.

ಔಷಧಿಪೆಟ್ಟಿಗೆ:
ಇನ್ಸುಲಿನ್ ಪೆನ್ನಿಗಿಂತ ವಯಲ್ (ಸಣ್ಣ ಬಾಟಲಿ), ಅದರಲ್ಲೂ ಹ್ಯೂಮನ್ ಇನ್ಸುಲಿನ್ ಅಗ್ಗ; ಡಾಕ್ಟರನ್ನು ಕೇಳಿ. ಒಂದೇ ಎಚ್ಚರ: ಇಲ್ಲಿನ ಮಾಮೂಲಿ ವಯಲ್‌ನಲ್ಲಿ ಮಿಲಿಲೀಟರ್‌ಗೆ 40 ಯೂನಿಟ್, ಪೆನ್ ಕಾರ್ಟ್ರಿಡ್ಜ್‌ನಲ್ಲಿ 100. 40 ವಯಲ್‌ಗೆ ಕೆಂಪು ಮುಚ್ಚಳದ 40ರ ಸಿರಿಂಜ್. ಉಳಿದಿದೆ ಅಂತ ಕಾರ್ಟ್ರಿಡ್ಜ್‌ನಿಂದ ಅದೇ ಸಿರಿಂಜಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಒಳಗೆ ಹೋಗುತ್ತೆ.